ಬಾಯಿಗೂಡಿದ ಜಿಯಾನ್

ಯಲಬುರ್ಗಾದಲ್ಲಿ ಅಕ್ಕನ ಮನೆಯ ಪಡಸಾಲೆ. ಅಳಿಯ ಒಳಕೋಣೆಯಿಂದ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ ತಂದು ಮುಚ್ಚಳ ತೆಗೆದ. ಅದರೊಳಗಿನ ಲೋಹದ ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದೆತ್ತಿ, ಹಸುಗೂಸನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ನನ್ನ ಅಂಗೈಗೆ ದಾಟಿಸಿದ. "ತಳಕ್ಕ ಬೊಟ್ಟು ತಾಗಸಬ್ಯಾಡ್ರಿ ಮಾಮಾ, ಎರಡು ಸಾವಿರದ ಹನ್ನೊಂದು ಚುಕ್ಕಿ ಅದಾವ ಅಲ್ಲಿ" ಅಂದ. ಬೆನ್ನ ಮೇಲೆ ಇಂಟೆಲ್ ಜಿಯಾನ್ ಇ5-2680 ವಿ3 ಎಂದು ಬರೆದಿತ್ತು. ಹನ್ನೆರಡು ಕೋರಿನ ಸರ್ವರ್ ಪ್ರೊಸೆಸರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 1,600 ರೂಪಾಯಿಗೆ ಕೊಂಡು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಕೊಪ್ಪಳಕ್ಕೆ ಬಂದಿಳಿದಿದ್ದ.

ಅಕ್ಕ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. "ಹಳೇದು ತಂದಾನ. ಛಲೋ ಐತೋ ಇಲ್ಲೋ ನೀನ ನೋಡಿ ಹೇಳಪಾ ತಮ್ಮಾ" ಅಂದಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ತಮ್ಮನಿಗೆ ಈ ಪ್ರಶ್ನೆ ಸುಲಭ ಎಂದು ಅವಳು ತಿಳಿದಿದ್ದಳು. ಉತ್ತರ ಕೊಡಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ಅಂಗೈಯಲ್ಲಿದ್ದ ಆ ಬಿಲ್ಲೆ ಎಂಥ ಮನೆತನದ್ದು ಎಂಬುದು ನನಗೆ ಗೊತ್ತಿತ್ತು. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಸಹಸ್ರ-ಟಿ’ ಎಂಬ ಸೂಪರ್ ಕಂಪ್ಯೂಟರ್ ಕೆಲಸ ಶುರು ಮಾಡಿತು. ಕ್ರೇ ಎಕ್ಸ್‌ಸಿ40 ಎಂಬ ಮಾದರಿ. ಆಗ ನಮ್ಮ ದೇಶದಲ್ಲೇ ಅತಿ ವೇಗದ ಯಂತ್ರ. ಅದರಲ್ಲಿ ಬರೀ ಪ್ರೊಸೆಸರುಗಳ 1,376 ‘ನೋಡ್’ಗಳು, ಅಂದರೆ ಒಂದಕ್ಕೊಂದು ಜೋಡಿಸಿದ ಬಿಡಿ ಕಂಪ್ಯೂಟರುಗಳು, ಇದ್ದವು. ಒಂದೊಂದು ನೋಡಿನಲ್ಲೂ ಎರಡೆರಡು ಇ5-2680 ವಿ3. ಹೌದು, ಇದೇ ಮಾದರಿ. ಒಟ್ಟು 33,024 ಕೋರು. ಹವಾಮಾನ, ಪ್ರೋಟೀನು, ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಓಟ, ಇಂಥ ಲೆಕ್ಕಗಳಿಗೆ ದುಡಿದ ಜಾತಿಯ ಚಿಪ್ಪು ಹತ್ತು ವರ್ಷ ತುಂಬುವಷ್ಟರಲ್ಲಿ ಯಲಬುರ್ಗಾದ ಪಡಸಾಲೆಗೆ, ಒಂದು ಕ್ವಿಂಟಲ್ ಜೋಳಕ್ಕಿಂತ ಕಡಿಮೆ ಬೆಲೆಗೆ ಬಂದು ಕೂತಿತ್ತು. 2014ರಲ್ಲಿ ಇಂಟೆಲ್ ಇದನ್ನು ಬಿಟ್ಟಾಗ ಪಟ್ಟಿ ಬೆಲೆ 1,745 ಡಾಲರ್. ಆಗಿನ ವಿನಿಮಯದಲ್ಲಿ ಲಕ್ಷ ರೂಪಾಯಿ ದಾಟುತ್ತಿತ್ತು. ಆ ಹುಡುಗನ ಕಣ್ಣಿನ ಹೊಳಪು ನನಗೆ ಪೂರ್ತಿ ಅರ್ಥವಾಯಿತು.

ಇಷ್ಟು ಅಗ್ಗವಾಗಲು ಕಾರಣ ಚಿಪ್ಪು ಸವೆದದ್ದಲ್ಲ. ದೊಡ್ಡ ಡೇಟಾ ಸೆಂಟರುಗಳು ವಾರಂಟಿ ಮುಗಿದ ಕೆಲವೇ ವರ್ಷಗಳಲ್ಲಿ ಸರ್ವರುಗಳನ್ನು ಸಾಲುಸಾಲಾಗಿ ಕಿತ್ತು ಹೊರಹಾಕುತ್ತವೆ. ಅಲ್ಲಿ ಜಾಗಕ್ಕೆ ಬೆಲೆ, ಕರೆಂಟಿಗೆ ಬೆಲೆ, ತಂಪು ಮಾಡಲು ಇನ್ನಷ್ಟು ಕರೆಂಟು. ಅದೇ ಜಾಗದಲ್ಲಿ, ಅದೇ ಕರೆಂಟಿನಲ್ಲಿ ಎರಡು ಪಟ್ಟು ಕೆಲಸ ಮಾಡುವ ಹೊಸ ಯಂತ್ರ ಬಂದರೆ ಹಳೆಯದನ್ನು ಇಟ್ಟುಕೊಳ್ಳುವುದೇ ಅವರಿಗೆ ನಷ್ಟ. ಹಾಗೆ ಹೊರಬಿದ್ದ ಚಿಪ್ಪು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಧೂಳಿಲ್ಲದ ಕೋಣೆಯಲ್ಲಿ, ಸ್ಥಿರ ವೋಲ್ಟೇಜಿನಲ್ಲಿ ಬಾಳಿದ ಜೀವ ಅದು. ಸವೆಯುವುದು ಫ್ಯಾನು, ಪವರ್ ಸಪ್ಲೈಯ ಕೆಪಾಸಿಟರು, ಬೋರ್ಡಿನ ಸಾಕೆಟ್ಟಿನೊಳಗಿನ ಕೂದಲೆಳೆಯಂಥ ಪಿನ್ನುಗಳು.

ನಮ್ಮ ಸೀಮೆಯಲ್ಲಿ ದನದ ಸಂತೆಗೆ ಹೋದವರು ಮೊದಲು ಎತ್ತಿನ ತುಟಿ ಎತ್ತಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ಬಂದರೆ ಬಾಯಿಗೂಡಿದ ಎತ್ತು. ಬಾಯಿಗೂಡಿತೆಂದರೆ ಮುದಿಯಾಯಿತು ಎಂದಲ್ಲ. ದುಡಿಮೆ ಕಲಿತಿದೆ, ನೊಗಕ್ಕೆ ಒಗ್ಗಿದೆ, ಇನ್ನೆಷ್ಟು ವರ್ಷ ಎಳೆಯುತ್ತದೆಂಬುದನ್ನು ಕೊಳ್ಳುವವನೇ ಅಂದಾಜು ಮಾಡಬೇಕು. ಅಪ್ಪ ಸಂತೆಯಲ್ಲಿ ಹಲ್ಲು ನೋಡಿದ ಮೇಲೆ ಗೊರಸು ನೋಡುತ್ತಿದ್ದರು, ಹೆಗಲು ಮುಟ್ಟುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಕೊನೆಗೆ ಮಾರುವವನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೇವು ಎಷ್ಟು ತಿಂತೈತಿ?"

ಅಳಿಯನ ಚಿಪ್ಪಿನ ಹಲ್ಲನ್ನು ಅಂದೇ ನೋಡಿದೆ. ಹಳೆ ಸರ್ವರ್ ಚಿಪ್ಪುಗಳ ನಡುವೆ ‘ಎಂಜಿನಿಯರಿಂಗ್ ಸ್ಯಾಂಪಲ್’ಗಳೂ ಮಾರಾಟಕ್ಕೆ ಬರುತ್ತವೆ. ಕಂಪನಿ ಪರೀಕ್ಷೆಗೆಂದು ಮಾಡಿದ, ಮಾರಾಟಕ್ಕಲ್ಲದ ಚಿಪ್ಪುಗಳು ಅವು. ಬೆನ್ನ ಮೇಲೆ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದು ಮುದ್ರೆಯಿರುತ್ತದೆ. ಇವನದರಲ್ಲಿ ಆ ಮುದ್ರೆ ಇರಲಿಲ್ಲ. ಸಾಚಾ ಮಾಲು.

ಮೇವಿನ ಪ್ರಶ್ನೆ ಉಳಿಯಿತು.

ಅದಕ್ಕೆ ಬರುವ ಮುಂಚೆ ಅವನು ಮಾಡಿದ ಒಟ್ಟು ಖರ್ಚು ಹೇಳಬೇಕು. ಚಿಪ್ಪು 1,600. ಅದನ್ನು ಕೂರಿಸಲು ಚೀನಾದಿಂದ ಬರುವ ಎಕ್ಸ್99 ಎಂಬ ಬೋರ್ಡು 5,500. ನಾಲ್ಕು ಹದಿನಾರರಂತೆ 64 ಜಿಬಿ ರ‍್ಯಾಮ್ 6,400. ಪವರ್ ಸಪ್ಲೈ, ಕ್ಯಾಬಿನೆಟ್ಟು, ಎಸ್‌ಎಸ್‌ಡಿ ಸೇರಿ 6,500. ಈ ಚಿಪ್ಪಿನೊಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಕಾರ್ಡು ಹಾಕದಿದ್ದರೆ ಪರದೆಯಲ್ಲಿ ಏನೂ ಮೂಡದು. ಅದಕ್ಕೆ ಗೆಳೆಯನೊಬ್ಬನ ಹಳೆಯ ಕಾರ್ಡು ಪುಕ್ಕಟೆ ಸಿಕ್ಕಿತು. ಒಟ್ಟು 20,000. ಅರವತ್ತನಾಲ್ಕು ಜಿಬಿ ರ‍್ಯಾಮಿನ ಹೊಸ ಕಂಪ್ಯೂಟರು ಆ ಹಣಕ್ಕೆ ಎಲ್ಲೂ ಸಿಗುವುದಿಲ್ಲ. ಸರ್ವರಿನ ರ‍್ಯಾಮ್ ಬೇರೆ ಜಾತಿಯದು. ‘ರಿಜಿಸ್ಟರ್ಡ್ ಇಸಿಸಿ’ ಅನ್ನುತ್ತಾರೆ. 64 ಬಿಟ್‌ ಮಾಹಿತಿಗೆ 8 ಬಿಟ್ ಕಾವಲು ಜೊತೆಗಿರುತ್ತದೆ. ಒಂದು ಬಿಟ್ ತಾನಾಗಿ ತಿರುಗಿಬಿದ್ದರೆ ಅದು ಹಿಡಿದು ತಿದ್ದುತ್ತದೆ. ಸಾಮಾನ್ಯ ಮನೆ ಬೋರ್ಡುಗಳಲ್ಲಿ ಈ ರ‍್ಯಾಮ್ ಓಡುವುದಿಲ್ಲವಾದ್ದರಿಂದ ಗಿರಾಕಿ ಕಡಿಮೆ, ಆಗ ಬೆಲೆಯೂ ಕಡಿಮೆಯಿತ್ತು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಅವನು ಕೊಂಡದ್ದು ಅದಕ್ಕೂ ಮುಂಚೆ.

ಕೊಪ್ಪಳದಿಂದ ನಾನೊಂದು ಸಣ್ಣ ಮೀಟರು ಒಯ್ದೆ. ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರೆ ಯಂತ್ರ ಎಷ್ಟು ವ್ಯಾಟ್ ಎಳೆಯುತ್ತಿದೆಯೆಂದು ತೋರಿಸುತ್ತದೆ. ಏನೂ ಕೆಲಸವಿಲ್ಲದೆ ಸುಮ್ಮನೆ ಕೂತಾಗ ಜಿಯಾನ್ 85 ವ್ಯಾಟ್ ಎಳೆಯಿತು. ಹನ್ನೆರಡೂ ಕೋರಿಗೆ ಕೆಲಸ ಹಚ್ಚಿದಾಗ 190. ಕಾಲೇಜಿನ ಗೆಳೆಯರೊಬ್ಬರ ಮನೆಯಲ್ಲಿ ಇಂಟೆಲ್ ಎನ್100 ಪ್ರೊಸೆಸರಿನ ಹೊಸ ಮಿನಿ ಪಿಸಿ ಇತ್ತು. ನಾಲ್ಕು ಕೋರಿನ ಆ ಪುಟ್ಟ ಪೆಟ್ಟಿಗೆ 2023ರ ಮಾದರಿ, ಸುಮಾರು 18,000 ರೂಪಾಯಿಯದು. ಅದು ಸುಮ್ಮನಿದ್ದಾಗ ಎಳೆದದ್ದು 9 ವ್ಯಾಟ್.

ಅಳಿಯನ ಆಸೆ ಏನಿತ್ತೆಂದರೆ, ಯಂತ್ರವನ್ನು ಹಗಲಿರುಳೂ ಚಾಲೂ ಇಡುವುದು. ಮನೆಯ ಫೋಟೊ, ಅಕ್ಕನ ಮೊಬೈಲಿನ ವಿಡಿಯೊ ಎಲ್ಲ ಅದರಲ್ಲೇ ಕೂಡಿಡುವುದು, ಹೊರಗಿದ್ದಾಗಲೂ ಅದನ್ನು ತಲುಪುವುದು. ಹಾಗಿಟ್ಟರೆ 85 ವ್ಯಾಟಿನಂತೆ ತಿಂಗಳಿಗೆ 61 ಯೂನಿಟ್. ಎನ್100 ಆದರೆ ಆರೂವರೆ.

ಅಕ್ಕನ ಮನೆಯ ಜೆಸ್ಕಾಂ ಬಿಲ್ ತರಿಸಿದೆ. ತಿಂಗಳ ಬಳಕೆ 60 ಯೂನಿಟ್. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ಅವಳ ಬಿಲ್ಲು ಶೂನ್ಯ. ಈ ಯೋಜನೆಯಲ್ಲಿ 200 ಯೂನಿಟ್ ಉಚಿತ ಎಂದು ಬಾಯಿಮಾತಿಗೆ ಹೇಳುತ್ತಾರೆ. ನಿಜವಾಗಿ ಒಂದೊಂದು ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಅರ್ಹ ಯೂನಿಟ್ ಗೊತ್ತುಮಾಡಿರುತ್ತಾರೆ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೂ ತಲೆಮೇಲೆ. ಅಕ್ಕನ ಅರ್ಹತೆ 68. ಜಿಯಾನ್ ಹಗಲಿರುಳು ಉರಿದರೆ ಬಳಕೆ 121 ಆಗುತ್ತದೆ. 53 ಯೂನಿಟ್ಟಿಗೆ, ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಹಿಡಿದರೂ ತಿಂಗಳಿಗೆ ಮುನ್ನೂರಕ್ಕೆ ಮೇಲೆ, ವರ್ಷಕ್ಕೆ 3,800. ಮೂರು ವರ್ಷ ನಡೆಸಿದರೆ 11,400 ರೂಪಾಯಿ. 20,000ದ ಯಂತ್ರ 31,400ರದ್ದಾಗುತ್ತದೆ. ಎನ್100 ಇಟ್ಟರೆ ಬಳಕೆ 66 ಚಿಲ್ಲರೆ, ಬಿಲ್ಲು ಮೊದಲಿನಂತೆ ಶೂನ್ಯ.

ಕಾಗದದ ಮೇಲೆ ಈ ಲೆಕ್ಕ ಮಾಡಿ ತೋರಿಸಿದಾಗ ಅಕ್ಕ ಮಗನ ಮುಖ ನೋಡಿದಳು. ಅವಳಿಗೆ ಶೂನ್ಯ ಬಿಲ್ಲು ಅಂದರೆ ಬರೀ ಮುನ್ನೂರು ರೂಪಾಯಿಯ ಮಾತಲ್ಲ. ಎರಡು ವರ್ಷದಿಂದ ಬಿಲ್ಲಿನ ಚಿಂತೆಯಿಲ್ಲದೆ ರಾತ್ರಿ ಫ್ಯಾನು ಹಾಕಿಕೊಂಡು ಮಲಗಿದ್ದಾಳೆ. ಅದು ಎಷ್ಟು ದೊಡ್ಡದು ಎಂಬುದು ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಗೊತ್ತು.

ಬೇಸಿಗೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರು ತಿಂದ ಕರೆಂಟೆಲ್ಲ ಕೊನೆಗೆ ಕಾವಾಗಿಯೇ ಹೊರಬರುತ್ತದೆ. 190 ವ್ಯಾಟ್ ಎಳೆಯುವ ಯಂತ್ರ ಎಂದರೆ ಕೋಣೆಯಲ್ಲಿ ಸದಾ ಉರಿಯುವ ಸಣ್ಣ ಒಲೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮುಟ್ಟುವ ಯಲಬುರ್ಗಾದಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿ ಆ ಒಲೆಯ ಪಕ್ಕ ಕೂತು ಓದಬೇಕು. ಬೆಂಗಳೂರಿನ ಎಸಿ ಕೋಣೆಗೆಂದು ಮಾಡಿದ ಯಂತ್ರದ ಮುಂದೆ ಬೆವರು ಒರೆಸಿಕೊಳ್ಳುತ್ತ ಕೂತ ಹುಡುಗನನ್ನು ಕಂಡು ನನಗೆ ಸಂಕಟವಾಯಿತು. ಕರೆಂಟು ಹೋದಾಗಿನದು ಇನ್ನೊಂದು ಕಥೆ. ಇನ್ವರ್ಟರಿನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ; ನಷ್ಟ ಕಳೆದರೆ ಇನ್ನೂ ಕಡಿಮೆ. ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು ನೆಚ್ಚಿಕೊಂಡಿರುವ ಆ ಬ್ಯಾಟರಿಯನ್ನು ಜಿಯಾನ್ ತಾನೊಂದೇ ಕೆಲವು ತಾಸಿನಲ್ಲಿ ಬರಿದು ಮಾಡುತ್ತದೆ.

ಕುಷ್ಟಗಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಕಾಲುವೆಯ ನೀರು ಕಾಣದ, ಕೊಳವೆಬಾವಿಯನ್ನೇ ನಂಬಿದ ಸೀಮೆ ಅದು. ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳು ಅವರ ಅಂಗಡಿಯ ಮುಂದೆ ಸಾಲುಗಟ್ಟಿರುತ್ತವೆ. ಜಿಯಾನಿನ ಸುದ್ದಿ ಅವರ ಮುಂದೆ ತೆಗೆದೆ. ತಾಮ್ರದ ತಂತಿ ಸುತ್ತುತ್ತಲೇ ಕೇಳಿದರು, ಕಡೆಗೆ ಅಂದರು: "ಹಳೇ ಮೋಟರ್ ನೀರ ಎತ್ತತೈತ್ರಿ ಸರ, ಸುಳ್ಳಲ್ಲ. ಕರೆಂಟ್ ಜಾಸ್ತಿ ಎಳೀತೈತಿ. ಹೊಲದಾಗ ಪುಕ್ಕಟ ಕರೆಂಟ್ ಐತಂತ ರೈತ ನೋಡಂಗಿಲ್ಲ. ಮನ್ಯಾಗ ಮೀಟರ್ ತಿರಗತೈತಿ." ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತ. ಕಂಪ್ಯೂಟರನ್ನು ಒಮ್ಮೆಯೂ ಬಿಚ್ಚಿ ನೋಡದ ಅವರು ಅಪ್ಪ ಸಂತೆಯಲ್ಲಿ ಕೇಳುತ್ತಿದ್ದ ಪ್ರಶ್ನೆಯ ಬುಡಕ್ಕೇ ಬಂದು ನಿಂತಿದ್ದರು.

ವೇಗದ ಮಾತು ಉಳಿಯಿತು. ಹನ್ನೆರಡು ಕೋರು ಅಂದಾಗ ಮನಸ್ಸಿಗೆ ಹನ್ನೆರಡು ಆಳು ಕಾಣುತ್ತಾರೆ. ಬಿತ್ತನೆಗೆ ಹನ್ನೆರಡು ಆಳು ಬೇಕೇ ಬೇಕು. ಬಾವಿಗೆ ಇಳಿದು ಕೊಡ ತೆಗೆಯಲು ಒಬ್ಬನೇ ಸಾಕು, ಅವನು ಚುರುಕಾಗಿದ್ದರಾಯಿತು. ಮನೆಯಲ್ಲಿ ನಾವು ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಕೊಡ ತೆಗೆಯುವಂಥವು: ‘ನುಡಿ’ ತಂತ್ರಾಂಶದಲ್ಲಿ ಅರ್ಜಿ ಟೈಪು ಮಾಡುವುದು, ಬ್ರೌಸರ್ ತೆರೆಯುವುದು, ಪಹಣಿ ನೋಡುವುದು, ಮಕ್ಕಳ ಪಾಠದ ವಿಡಿಯೊ. ಇಲ್ಲಿ ಒಂದೊಂದು ಕೋರಿನ ಚುರುಕೇ ಮುಖ್ಯ. 2021ರ ಎಎಂಡಿ ರೈಜನ್ 5 5600ಜಿ ಎಂಬ ಆರು ಕೋರಿನ ಚಿಪ್ಪಿನ ಒಂದು ಕೋರು ಈ ಜಿಯಾನಿನ ಒಂದು ಕೋರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಕೆಲಸ ಮಾಡುತ್ತದೆ. ಎಲ್ಲ ಕೋರುಗಳನ್ನು ಕೂಡಿಸಿ ತೂಗಿದರೂ ಆ ಆರು ಈ ಹನ್ನೆರಡಕ್ಕಿಂತ ಒಂದು ಹೆಜ್ಜೆ ಮುಂದೆಯೇ. ಜಿಯಾನಿನ ಹೊರೆ 120 ವ್ಯಾಟಿನದು, ರೈಜನ್ನಿನದು 65. ಜಿಯಾನ್ ಮಾಡಿದ್ದು 22 ನ್ಯಾನೋಮೀಟರ್ ತಂತ್ರದಲ್ಲಿ, ರೈಜನ್ನನ್ನು 7ರಲ್ಲಿ. ಏಳು ವರ್ಷದ ಅಂತರಕ್ಕೆ ಅಷ್ಟು ಬೆಲೆಯಿದೆ.

ಗಂಗಾವತಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಜಾತಿಯ ಜಿಯಾನ್ ಕೊಳ್ಳಲು ಹೊರಟಿದ್ದ. ಮದುವೆ ಸುಗ್ಗಿಯಲ್ಲಿ ಅವನಿಗೆ ರಾತ್ರಿಯೆಲ್ಲ ವಿಡಿಯೊ ಕತ್ತರಿಸುವ ಕೆಲಸ. ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಈಗಿನ ಫೋನು, ಕ್ಯಾಮೆರಾಗಳ 4ಕೆ ವಿಡಿಯೊ ಬಿಚ್ಚಲೂ ಕಟ್ಟಲೂ ಹೊಸ ಚಿಪ್ಪುಗಳ ಗ್ರಾಫಿಕ್ಸಿನಲ್ಲಿ ಬೇರೆಯೇ ಭಾಗವೊಂದಿರುತ್ತದೆ. ಎನ್100ನಂಥ ಪುಟಾಣಿಯಲ್ಲೂ ಇದೆ. ಜಿಯಾನಿನಲ್ಲಿ ಅದಿಲ್ಲ. ಆ ಕೆಲಸವನ್ನೆಲ್ಲ ಕೋರುಗಳೇ ಹೊರಬೇಕು, ಇಲ್ಲವೇ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇರೆ ತರಬೇಕು. ತಂದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಅವನ ಅಂಗಡಿಗೆ ಇನ್ನೊಂದು ತೊಂದರೆಯಿದೆ. ಸೋನಾ ಮಸೂರಿಯ ಊರು, ಸುತ್ತ ಅಕ್ಕಿ ಗಿರಣಿ, ಗಾಳಿಯಲ್ಲಿ ಸದಾ ಹೊಟ್ಟಿನ ಧೂಳು. ದೊಡ್ಡ ಫ್ಯಾನಿನ ಯಂತ್ರ ಅಷ್ಟೇ ದೊಡ್ಡ ಉಸಿರೆಳೆದು ಅಷ್ಟೇ ಧೂಳು ನುಂಗುತ್ತದೆ. ನಮ್ಮ ಕೊಪ್ಪಳದಲ್ಲೂ ಕಾರ್ಖಾನೆಗಳ ಕಪ್ಪು ಬೂದಿ ಮಾಳಿಗೆಯ ಮೇಲೆ ಕೂರುತ್ತದೆ. ನಾನು ತಿಂಗಳಿಗೊಮ್ಮೆ ಫ್ಯಾನು ಬಿಚ್ಚಿ ಬ್ರಷ್ ಹಾಕುತ್ತೇನೆ. ಅವನು ರೈಜನ್ನಿಗೆ ಹೋದ, 32,000 ಬಿತ್ತು. ಅವನ ಕಸುಬಿಗೆ ಅದು ಸರಿಯಾದ ಖರ್ಚು.

ಇಷ್ಟಾದರೂ ಹಳೆಯದನ್ನು ಕೊಳ್ಳುವುದೇ ತಪ್ಪೆಂದು ನಾನು ಹೇಳಲಾರೆ. ಹಳೆ ಸೀರೆಗಳನ್ನು ಕೌದಿ ಹೊಲಿದು ಮೂರು ತಲೆಮಾರು ಹೊದೆಯುವ ನಾಡು ನಮ್ಮದು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಉದುರಿದ ತಲೆಗೂದಲನ್ನು ಬಿಡಿಸಿ, ಬಾಚಿ, ಅಳತೆಗೆ ಕಟ್ಟಿ ಹೊರದೇಶಕ್ಕೆ ಕಳಿಸಿ ನೂರಾರು ಸಂಸಾರಗಳು ಬದುಕುತ್ತಿವೆ. ಚೆನ್ನಾಗಿರುವ ಚಿಪ್ಪನ್ನು ಕಸಕ್ಕೆ ಹಾಕಿದರೆ ಅದನ್ನು ಮಾಡಲು ಸುರಿದ ನೀರು, ವಿದ್ಯುತ್ತು, ಲೋಹ ಎಲ್ಲ ವ್ಯರ್ಥ. ಹಳೆಯದನ್ನು ಬಳಸಬೇಕು, ಯಾವ ಹಳೆಯದು ಎಂಬುದನ್ನು ಆರಿಸಬೇಕು.

ಈ ಮಾತನ್ನು ನನಗೆ ಕಲಿಸಿದ್ದು ಅಳಿಯನ ಬೋರ್ಡು. ನಾಲ್ಕೇ ತಿಂಗಳಿಗೆ ಅದರ ರ‍್ಯಾಮ್ ಸ್ಲಾಟ್ ಒಂದು ಸತ್ತಿತು. ಮಾರಿದವರ ಫೋನು ಹತ್ತಲಿಲ್ಲ. ಕೊಪ್ಪಳ, ಗಂಗಾವತಿ, ಹೊಸಪೇಟೆ ಸುತ್ತಿದೆವು. ಆ ಜಾತಿಯ ಬೋರ್ಡನ್ನು ರಿಪೇರಿಯವರು ಮುಟ್ಟಲೊಪ್ಪಲಿಲ್ಲ. ಇಂಥ ಬೋರ್ಡುಗಳಲ್ಲಿ ಎಷ್ಟೋ ಸಲ ಹಳೆಯ ಬೇರೆ ಬೋರ್ಡಿನಿಂದ ಕಿತ್ತ ಚಿಪ್‌ಸೆಟ್ಟನ್ನೇ ಬೆಸೆದಿರುತ್ತಾರೆ. ನಕ್ಷೆ ಇಲ್ಲ, ಬಿಡಿಭಾಗ ಇಲ್ಲ. ಅದೇ ಅಂಗಡಿಗಳ ಮೂಲೆಯಲ್ಲಿ ಕಚೇರಿಗಳಿಂದ ಬಂದ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪುಗಳ ರಾಶಿಯಿತ್ತು. ಒಂದರ ಪವರ್ ಸಪ್ಲೈ ಕೆಟ್ಟರೆ ಇನ್ನೊಂದರದ್ದು ಬಿಚ್ಚಿ ಹಾಕುತ್ತಾರೆ, ಹತ್ತು ನಿಮಿಷದ ಕೆಲಸ.

ನನ್ನ ಮನೆಗೆ ಅಂಥದೊಂದನ್ನೇ ತಂದೆ. 2018ರ ಐ5-8500, ಆರು ಕೋರು, ಒಳಗೇ ಗ್ರಾಫಿಕ್ಸ್, 16 ಜಿಬಿ ರ‍್ಯಾಮ್, 15,000 ರೂಪಾಯಿ. ಸುಮ್ಮನಿದ್ದಾಗ ಮೀಟರಿನಲ್ಲಿ 18 ವ್ಯಾಟ್. ಎಂಟನೇ ತಲೆಮಾರಿನದಾದ್ದರಿಂದ ವಿಂಡೋಸ್ 11 ಅಧಿಕೃತವಾಗಿ ಕೂರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಮೇಲೆ ಈ ಸಂಗತಿಗೆ ತೂಕ ಬಂದಿದೆ. ವಿಂಡೋಸ್ 11 ಕೂರುವ ಪ್ರೊಸೆಸರುಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಅಳಿಯನ ಜಿಯಾನ್ ಇಲ್ಲ. ಲಿನಕ್ಸಿಗೆ ಅಂಥ ತಕರಾರಿಲ್ಲ, ಅವನು ಕಲಿಯುತ್ತಿರುವುದೂ ಲಿನಕ್ಸೇ.

ಅವನ ಕಲಿಕೆಯ ಬಗ್ಗೆ ಹೇಳದಿದ್ದರೆ ಆ ಚಿಪ್ಪಿಗೆ ಅನ್ಯಾಯ ಮಾಡಿದಂತೆ. ಎಂಜಿನಿಯರಿಂಗ್ ಮುಗಿಸಿ ಸರ್ವರ್ ನಿರ್ವಹಣೆ ಕಲಿಯುತ್ತಿದ್ದಾನೆ. ಒಂದೇ ಯಂತ್ರದೊಳಗೆ ಹತ್ತು ಕಾಲ್ಪನಿಕ ಯಂತ್ರ ಎಬ್ಬಿಸಿ, ಅವುಗಳ ನಡುವೆ ಜಾಲ ಕಟ್ಟಿ, ಒಂದನ್ನು ಬೇಕೆಂದೇ ಕೆಡವಿ, ಉಳಿದವು ಹೇಗೆ ತಾಳಿಕೊಳ್ಳುತ್ತವೆಂದು ನೋಡುತ್ತಾನೆ. ಇಲ್ಲಿ ಹನ್ನೆರಡು ಕೋರು, ಅರವತ್ತನಾಲ್ಕು ಜಿಬಿ ನಿಜವಾಗಿ ನೊಗಕ್ಕೆ ಬೀಳುತ್ತವೆ. ಸ್ಲಾಟು ಸತ್ತ ಮೇಲೆ 48 ಜಿಬಿ ಉಳಿಯಿತು, ಅದೂ ಸಾಕಾಗಿದೆ. ಎನ್100ನಲ್ಲಿ ಈ ಅಭ್ಯಾಸ ಇಷ್ಟು ಸಲೀಸಾಗುತ್ತಿರಲಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಯ ಸರ್ವರ್ ಕೋಣೆಗೆ ಕಾಲಿಡದೆಯೇ ಅದರ ಕೆಲಸವನ್ನು ಯಲಬುರ್ಗಾದ ಹುಡುಗನೊಬ್ಬ ಕೈಯಾರೆ ಕಲಿಯುತ್ತಿದ್ದಾನೆಂದರೆ, ಆ 20,000ಕ್ಕೆ ಯಾವ ಕೋಚಿಂಗ್ ಸೆಂಟರಿನಲ್ಲೂ ಇಷ್ಟು ಸಿಗದು.

ಹಾಗಾಗಿ ಅಕ್ಕನಿಗೆ ನನ್ನ ಉತ್ತರ ಹೀಗಿತ್ತು: ಛಲೋ ಐತಿ, ಕೆಲಸ ಮುಗಿದ ಕೂಡಲೇ ಬಂದ್ ಮಾಡಬೇಕು. ದಿನಕ್ಕೆ ಮೂರು ತಾಸು ದುಡಿಸಿದರೆ ತಿಂಗಳಿಗೆ ಸುಮಾರು ಹನ್ನೊಂದು ಯೂನಿಟ್ ತಿನ್ನುತ್ತದೆ. ಫೋಟೊಗಳನ್ನು ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟೆವು. ಹಗಲಿರುಳು ಚಾಲೂ ಇಡುವ ಕಾರಣವೇ ಉಳಿಯಲಿಲ್ಲ.

ಬೇರೆ ಯಾರಾದರೂ ಸರ್ವರಿನ ಹಳೆ ಚಿಪ್ಪು ಕೊಳ್ಳಲು ಎಸ್.ಪಿ. ರಸ್ತೆಗೆ ಹೊರಟಿದ್ದರೆ, ಹೊರಡುವ ಮುನ್ನ ಮನೆಯ ಕರೆಂಟ್ ಬಿಲ್ ತೆಗೆದು ಅರ್ಹ ಯೂನಿಟ್ ಎಷ್ಟೆಂದು ಓದಿಕೊಳ್ಳಿ, ನಿಮ್ಮೂರಿನ ರಿಪೇರಿ ಅಂಗಡಿಯವರನ್ನು ಆ ಬೋರ್ಡು ಮುಟ್ಟುತ್ತೀರಾ ಎಂದು ಕೇಳಿ.

ಅಳಿಯನ ಯಂತ್ರ ಈಗ ರಾತ್ರಿ ಏಳರಿಂದ ಹತ್ತರವರೆಗೆ ಓಡುತ್ತದೆ. ಹೋದ ತಿಂಗಳ ಬಿಲ್ಲಿನಲ್ಲಿ ಅಕ್ಕನ ಮನೆಯ ಬಳಕೆ 71 ಯೂನಿಟ್; ಮೂರು ಯೂನಿಟ್ಟಿನ ಹಣವನ್ನು ಅವನೇ ಕಟ್ಟಿಬಂದ.